ಏನೂ ಕಳಿಸಲಾಗದ ಫೋನು

ನನ್ನ ಮಗಳ ನಿಶ್ಚಿತಾರ್ಥಕ್ಕೆ ದೊಡ್ಡಮ್ಮ ಬರುವುದಿಲ್ಲವಂತೆ. ಕರೆದಿಲ್ಲ ಅಂತ ಕೋಪವಲ್ಲ, ಕರೆದ ರೀತಿಗೆ ಕೋಪ.

ಮಗಳು ಅನಘಾ ಒಂದು ಇನ್ವಿಟೇಶನ್ ವಿಡಿಯೊ ಮಾಡಿದ್ದಳು. ನಾದಸ್ವರ ಮೊಳಗುತ್ತದೆ, ಬೆಳ್ಳಿ ಭರಣಿಯ ಮುಚ್ಚಳ ತಾನಾಗಿ ತೆರೆದುಕೊಳ್ಳುತ್ತದೆ, ಒಳಗಿನ ಕುಂಕುಮ ಹಾರಿ ಬಂದು ಹುಡುಗ ಹುಡುಗಿಯ ಹೆಸರಾಗುತ್ತದೆ. ಅದನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದಳು, ಮುಗೀತು. ಬಸವನಗುಡಿಯ ಮನೆಯಲ್ಲಿ ಕಾಫಿ ಕುಡಿಯುತ್ತಲೇ ಇಡೀ ಬಳಗವನ್ನು ಕರೆದುಬಿಟ್ಟೆವು ಎಂದು ನಾನೂ ಹಿಗ್ಗಿದೆ. ಎಲ್ಲರೂ ಕೈಮುಗಿಯುವ ಎಮೋಜಿ ಹಾಕಿದರು. ಮಲ್ಲೇಶ್ವರದ ದೊಡ್ಡಮ್ಮ ಮಾತ್ರ ಫೋನ್ ಮಾಡಿದರು.

"ವಿಡಿಯೋ ನೋಡ್ದೆ, ತುಂಬಾ ಚೆನ್ನಾಗಿದೆ. ನಿಶ್ಚಿತಾರ್ಥದ್ದೂ ಹಿಂಗೇ ಒಂದು ಕಳಿಸ್ಬಿಡಿ. ಇಲ್ಲೇ ಕೂತು ನೋಡ್ತೀನಿ."

ಅಷ್ಟೇ. ಫೋನ್ ಕಟ್.

ಅಮ್ಮ ಹೋದ ಮೇಲೆ ನಮ್ಮ ಮನೆಯ ಯಾವ ಶುಭಕಾರ್ಯದಲ್ಲೂ ಅಮ್ಮನ ಜಾಗದಲ್ಲಿ ನಿಂತು ಆರತಿ ಎತ್ತುವವರು ದೊಡ್ಡಮ್ಮ. ಅವರು ಬರದಿದ್ದರೆ ಹಾಲ್ ತುಂಬಾ ಜನ ಇದ್ದೂ ನನಗೆ ಯಾರೂ ಇಲ್ಲದಂತೆಯೇ. ಮನೆಗೆ ಹೋಗಿ, ಕುಂಕುಮ ಕೊಟ್ಟು, ಅಕ್ಷತೆ ಕೊಟ್ಟು ಕರೆಯುವುದು ನಮ್ಮಲ್ಲಿ ಪದ್ಧತಿ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ವಿಡಿಯೊದಲ್ಲಿ ಕುಂಕುಮ ಇದೆಯಲ್ಲ ಅಂದುಕೊಂಡೆ. (ನಗಬೇಡಿ. ನೀವೂ ಅಂದುಕೊಂಡಿರುತ್ತೀರಿ.)

ಸರಿ, ಭಾನುವಾರ ಬೆಳಗ್ಗೆ ನಿಜವಾದ ಭರಣಿ ಹುಡುಕಲು ಬೀರು ತೆಗೆದೆ. ಭರಣಿಯ ಪಕ್ಕದಲ್ಲೇ ಸಿಕ್ಕಿತು ನನ್ನ ಮೊದಲ ಸ್ಮಾರ್ಟ್‌ಫೋನ್. ಅನಘಾ ಅದನ್ನು ಮ್ಯೂಸಿಯಮ್ಮಿನ ವಸ್ತುವಿನಂತೆ ತಿರುಗಿಸಿ ತಿರುಗಿಸಿ ನೋಡಿದಳು.

"ಫ್ರಂಟ್ ಕ್ಯಾಮೆರಾ ಎಲ್ಲಮ್ಮ?"

"ಇರ್ಲಿಲ್ಲ."

"ಮತ್ತೆ ಸೆಲ್ಫಿ?"

ಫೋನನ್ನು ಹಿಂದುಮುಂದು ಹಿಡಿದು, ದೇವರ ಮೇಲೆ ಭಾರ ಹಾಕಿ ಒತ್ತುತ್ತಿದ್ದೆವು. ಒಬ್ಬರ ಹಣೆ, ಇನ್ನೊಬ್ಬರ ಕಿವಿ, ಹಿಂದೆ ಪೂರ್ತಿ ಗಾಂಧಿ ಬಜಾರ್ ಬರುತ್ತಿತ್ತು. ಫ್ಲ್ಯಾಶ್ ಇರಲಿಲ್ಲ, ಫೋಟೊ ತೆಗೆಸಿಕೊಳ್ಳುವವರು ಕಿಟಕಿ ಪಕ್ಕಕ್ಕೆ ಬರಬೇಕಿತ್ತು. ಕಾಪಿ ಪೇಸ್ಟ್ ಇರಲಿಲ್ಲ. ಒಂದೇ ವಿಷಯವನ್ನು ನಾಲ್ಕು ಜನಕ್ಕೆ ಹೇಳಬೇಕಾದರೆ ನಾಲ್ಕು ಸಲ ಕುಟ್ಟಬೇಕು. ಇನ್ನು ಕನ್ನಡ? ಯಾರಾದರೂ ಪಾಪ ಕನ್ನಡದಲ್ಲಿ ಮೆಸೇಜ್ ಕಳಿಸಿದರೆ ಸ್ಕ್ರೀನ್ ಮೇಲೆ ಸಾಲಾಗಿ ಖಾಲಿ ಡಬ್ಬಿಗಳು. ಹಬ್ಬದ ಶುಭಾಶಯವೂ ಡಬ್ಬಿ, ಸಾವಿನ ಸುದ್ದಿಯೂ ಡಬ್ಬಿ. ಯಾವುದಕ್ಕೂ ಇರಲಿ ಅಂತ ಫೋನ್ ಮಾಡಿ ಕೇಳಿಬಿಡುತ್ತಿದ್ದೆವು.

"ಇದಕ್ಕೆ ಸ್ಮಾರ್ಟ್ ಅಂತ ಹೆಸರು ಬೇರೆ," ಎಂದು ಅನಘಾ ಅದನ್ನು ಬ್ಯಾಗಿಗೆ ಹಾಕಿಕೊಂಡಳು. ಅಜ್ಜಿಗೆ ತೋರಿಸಿ ನಗಿಸುತ್ತಾಳಂತೆ. ಅಜ್ಜಿ ನಗುವ ಮೂಡಿನಲ್ಲಿದ್ದರೆ ತಾನೆ?

ಮಲ್ಲೇಶ್ವರದಲ್ಲಿ ದೊಡ್ಡಮ್ಮ ಬಾಗಿಲು ತೆಗೆದರು. "ಬನ್ನಿ" ಅಂದರು. ನನಗೆ 'ಬನ್ನಿ'! ಹುಟ್ಟಿದಾಗಿನಿಂದ 'ಬಾರೇ' ಅಂದವರು. ಕಾಫಿ ಕೊಟ್ಟರು, ಚಕ್ಕುಲಿ ಕೊಟ್ಟರು, ಹುಡುಗನ ಬಗ್ಗೆ ಒಂದೇ ಒಂದು ಮಾತು ಕೇಳಲಿಲ್ಲ.

ಅನಘಾ ಮೆಲ್ಲಗೆ ಹಳೇ ಫೋನು ತೆಗೆದಳು. "ಅಜ್ಜಿ, ಇದು ನೋಡಿ. ಅಮ್ಮನ ಫಸ್ಟ್ ಫೋನು. ಇದರಲ್ಲಿ ಒಂದು ಫೀಚರೂ ಇಲ್ಲ."

ದೊಡ್ಡಮ್ಮ ಕನ್ನಡಕ ಏರಿಸಿಕೊಂಡರು. ಅದನ್ನು ಕೈಯಲ್ಲಿ ತೂಗಿದರು.

"ಗೊತ್ತು ಬಿಡು. ನೀನು ಸ್ಕೂಲ್ ಡೇಗೆ ಕೃಷ್ಣನ ವೇಷ ಹಾಕಿದ್ದೆಯಲ್ಲ, ಆ ಫೋಟೋ ಇದರಲ್ಲೇ ಇತ್ತು. ನಿಮ್ಮಮ್ಮ ಎರಡು ಬಸ್ ಬದಲಾಯಿಸಿಕೊಂಡು ತೋರಿಸೋಕೆ ಬಂದಿದ್ಲು. ನಮ್ಮನೇಲಿ ಆಗ ಲ್ಯಾಂಡ್‌ಲೈನ್ ಅಷ್ಟೇ. ಫೋಟೋ ನೋಡ್ದೋ, ಊಟ ಮಾಡ್ದೋ, ಸಾಯಂಕಾಲದವರೆಗೂ ಹರಟಿದ್ದೇ ಹರಟಿದ್ದು." ನನ್ನ ಕಡೆ ತಿರುಗಿದರು. "ಇದರಿಂದ ಏನೂ ಕಳಿಸೋಕಾಗ್ತಿರ್ಲಿಲ್ಲ ನೋಡು. ಅದಕ್ಕೇ ನೀನೇ ಬರ್ತಿದ್ದೆ."

ಇಷ್ಟು ವರ್ಷ ಆ ಫೋನಿನಲ್ಲಿ ಅದಿಲ್ಲ ಇದಿಲ್ಲ ಎಂದು ಆಡಿಕೊಂಡವಳು ನಾನು. ಅದರಲ್ಲಿ ಇಲ್ಲದ್ದನ್ನೆಲ್ಲ ನಾವೇ ಓಡಾಡಿ ತುಂಬಿಕೊಡುತ್ತಿದ್ದೆವು. ಈಗ ಫೋನೇ ಎಲ್ಲ ಮಾಡುತ್ತದೆ, ಹಾಗಾಗಿ ಬಸವನಗುಡಿಗೂ ಮಲ್ಲೇಶ್ವರಕ್ಕೂ ನಡುವೆ ಸಮುದ್ರ ಬಂದು ಕೂತಿದೆ. ಮೆಟ್ರೊ ಇದೆ, ಕಾರಿದೆ. ಹೋಗಿ ಒಂದು ವರ್ಷದ ಮೇಲಾಗಿತ್ತು.

ಅನಘಾ ಯಾರೂ ಹೇಳದೆಯೇ ಎದ್ದಳು. ಭರಣಿ ತೆಗೆದು ಅಜ್ಜಿಗೆ ಕುಂಕುಮ ಕೊಟ್ಟಳು, ಅಕ್ಷತೆ ಕೊಟ್ಟು ಕಾಲಿಗೆ ಬಿದ್ದಳು. "ಅಜ್ಜಿ, ನೀವೇ ಬಂದು ಆರತಿ ಎತ್ತಬೇಕು."

"ಇನ್ಯಾರು ಎತ್ತಾರೇ ನಾನಿರುವಾಗ?" ಎಂದರು ದೊಡ್ಡಮ್ಮ, ಅವಳ ಕೆನ್ನೆ ಹಿಂಡುತ್ತಾ. ಆಮೇಲೆ ನನಗೆ, "ಕೂತ್ಕೊಳೇ, ಊಟ ಮಾಡ್ಕೊಂಡು ಹೋಗು." ನನ್ನ 'ಏ' ನನಗೆ ವಾಪಸ್ ಸಿಕ್ಕಿತು. ಕಣ್ಣು ಒದ್ದೆಯಾಯಿತು, ಸುಳ್ಳೇಕೆ ಹೇಳಲಿ.

ಹೊರಡುವಾಗ ದೊಡ್ಡಮ್ಮ ತಮ್ಮ ಹೊಸ ಫೋನಿನಲ್ಲಿ ಮೂವರದೂ ಒಂದು ಸೆಲ್ಫಿ ತೆಗೆಸಿಕೊಂಡರು. ನಾವು ಸಂಪಿಗೆ ರಸ್ತೆ ದಾಟುವಷ್ಟರಲ್ಲಿ ಅದು ಫ್ಯಾಮಿಲಿ ಗ್ರೂಪಿನಲ್ಲಿತ್ತು. ಕೆಳಗೆ ಒಂದು ಸಾಲು: "ಮನೆಗೇ ಬಂದು ಕುಂಕುಮ ಕೊಟ್ಟು ಕರೆದರು. ತುಂಬಾ ಸಂತೋಷ."

ಟಿಂಗ್. ನಗರ್ತಪೇಟೆಯ ಚಿಕ್ಕಪ್ಪ: "ನಮ್ಮನೆಗೆ ಯಾವತ್ತು ಬರ್ತೀರಿ?"

ಟಿಂಗ್. ಕುಮಾರ ಪಾರ್ಕಿನ ಸೋದರತ್ತೆ: "ನಾಳೆ ನಾನು ಮನೇಲೇ ಇರ್ತೀನಿ."

ಟಿಂಗ್, ಟಿಂಗ್, ಟಿಂಗ್. ಕೈಮುಗಿದವರೆಲ್ಲ ಕೈ ಬಿಚ್ಚಿ ಟೈಪ್ ಮಾಡುತ್ತಿದ್ದರು. ನಿಶ್ಚಿತಾರ್ಥಕ್ಕೆ ಉಳಿದಿರುವುದು ಒಂದೇ ವಾರ.

ಎಲ್ಲರನ್ನೂ ಒಂದೇ ಸಲಕ್ಕೆ ಕರೆಯುವ ಈ ಗ್ರೂಪನ್ನು ಕಂಡುಹಿಡಿದ ಪುಣ್ಯಾತ್ಮನಿಗೆ ಒಬ್ಬ ದೊಡ್ಡಮ್ಮನೂ ಇರಲಿಲ್ಲವೇ?