ಹೊರಗಿನ ಕೋಣೆಯ ಕ್ಯಾಮೆರಾ

ಭೋಜರಾಜರು ತೀರಿಕೊಂಡಾಗ ಅವರ ಮೂವರು ಗಂಡುಮಕ್ಕಳು ಮನೆಯ ಸಾಮಾನನ್ನೆಲ್ಲ ಹಂಚಿಕೊಂಡರು. ಯಾರಿಗೂ ಬೇಡವಾಗಿ ಉಳಿದದ್ದು ಒಂದು ಹಳೆಯ ಫಿಲ್ಮ್ ಕ್ಯಾಮೆರಾ. ಅದು ಮಗಳು ಜಯಲಕ್ಷ್ಮಿಯ ಪಾಲಿಗೆ ಬಂತು. ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಿಂದ ಬಸ್ಸಿನಲ್ಲಿ ಅದನ್ನು ಹೊಟ್ಟೆಗವಚಿಕೊಂಡು ಅವಳು ತಿರುವಲ್ಲಿಕ್ಕೇಣಿಯ ಗಂಡನ ಮನೆಗೆ ತಂದದ್ದು ತೊಂಬತ್ತೊಂಬತ್ತರ ಬೇಸಿಗೆಯಲ್ಲಿ. ಹೊಸ್ತಿಲಲ್ಲೇ ಅತ್ತೆ ಅಂಬುಜಮ್ಮ ತಡೆದರು.

“ಅದೇನು, ತೊಗಲಿನ ಚೀಲವಾ? ಒಳಗೆ ತರಬೇಡ. ಹೊರಗಿನ ಕೋಣೇಲಿ ಇಡು.”

ಹೊರಗಿನ ಕೋಣೆ ಎಂದರೆ ಹಿತ್ತಿಲಲ್ಲಿ ಬಾವಿಯ ಪಕ್ಕದ ಎಂಟಡಿಗೆ ಆರಡಿ ಜಾಗ. ಸರಳಿನ ಕಿಟಕಿ ಒಂದು, ಹಿತ್ತಿಲಿಗೆ ತೆರೆಯುವ ಬಾಗಿಲು ಒಂದು. ಮನೆಯ ಹೆಂಗಸು ಮುಟ್ಟಾದರೆ ಮೂರು ದಿನ ಅಲ್ಲೇ ಕೂರಬೇಕು. ನಾಲ್ಕನೆಯ ದಿನ ತಲೆಗೆ ಸ್ನಾನ ಮಾಡಿ ಒಳಗೆ ಬರಬೇಕು. ಊಟ, ಕಾಫಿ ಹೊಸ್ತಿಲ ಆಚೆಯಿಂದ ಬರುತ್ತಿತ್ತು. ಎರಡು ಸಾವಿರದ ಇಸವಿ ಬಾಗಿಲಿಗೆ ಬಂದು ನಿಂತಿದ್ದರೂ ಆ ಮನೆಯಲ್ಲಿ ಇದೆಲ್ಲ ಅಚ್ಚುಕಟ್ಟಾಗಿ ನಡೆಯುತ್ತಿತ್ತು.

ನಾನು ಶಾಲಿನಿ, ಅವರ ಮಹಡಿಯ ಪೋರ್ಷನ್ನಿನಲ್ಲಿ ಬಾಡಿಗೆಗಿದ್ದವಳು. ಮಂಡ್ಯದ ಕಡೆಯವಳು, ಸೌಕಾರ್‌ಪೇಟೆಯ ಒಂದು ಬ್ಯಾಂಕಿನಲ್ಲಿ ಗುಮಾಸ್ತೆ. ಮೊಟ್ಟೆ ತಿನ್ನುವ ನಾನು ಅವರ ಮಡಿಯ ಲೆಕ್ಕದಲ್ಲಿ ವರ್ಷವಿಡೀ ದೂರವೇ. ಹಾಗಾಗಿ ಹೊರಗೆ ಕೂತವಳ ಪಕ್ಕದಲ್ಲಿ ನಾನು ಹೋಗಿ ಕೂತರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಜಯಾ ನನಗೆ ಗೆಳತಿಯಾದದ್ದು ಆ ಕೋಣೆಯಲ್ಲೇ.

ಒಳಗಿದ್ದಾಗ ಅವಳು ಮಾತಿಗೆ ಸಿಗುತ್ತಲೇ ಇರಲಿಲ್ಲ. ಬೆಳಗಿನ ಜಾವ ಎದ್ದು, ತಣ್ಣೀರು ಹೊಯ್ದುಕೊಂಡು, ಮಡಿಸೀರೆ ಉಟ್ಟು ಒಲೆಯ ಮುಂದೆ ನಿಂತರೆ ಮುಗಿಯಿತು. ಅತ್ತೆಗೆ ಮಡಿಯ ಅಡುಗೆ, ಇನ್ಶೂರೆನ್ಸ್ ಆಫೀಸಿನ ಗಂಡ ಪಂಢರಿನಾಥನಿಗೆ ಎಂಟೂವರೆಗೆ ಡಬ್ಬಿ, ಇಬ್ಬರು ಮಕ್ಕಳಿಗೆ ಬೇರೆ ಡಬ್ಬಿ, ಏಕಾದಶಿಯ ಮರುದಿನ ಸೂರ್ಯ ಹುಟ್ಟುವ ಮೊದಲೇ ಪಾರಣೆ. ಮಧ್ಯಾಹ್ನ ಒಂದು ಗಳಿಗೆ ಕೂತಳು ಅನ್ನುವಷ್ಟರಲ್ಲಿ ಮೂರು ಗಂಟೆಯ ಕಾಫಿ. ಯಾರೂ ಅವಳನ್ನು ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಅದೇ ನನಗೆ ಸಿಟ್ಟು ಬರಿಸುತ್ತಿತ್ತು. ಬೈದಿದ್ದರೆ ಜಗಳವಾಡಲಿಕ್ಕೆ ಒಂದು ನೆಪವಾದರೂ ಸಿಗುತ್ತಿತ್ತು.

ಕ್ಯಾಮೆರಾ ಬಂದ ತಿಂಗಳು ಅವಳು ಹೊರಗೆ ಕೂತಾಗ ಅದನ್ನು ಚೀಲದಿಂದ ತೆಗೆದಳು. “ನಮ್ಮಪ್ಪ ಯಾವತ್ತೂ ನನ್ನ ಕೈಗೆ ಕೊಟ್ಟಿರಲಿಲ್ಲ ಕಣೇ. ಸ್ಟ್ಯಾಂಡ್ ಹಿಡ್ಕೋ ಅನ್ನೋರು ಅಷ್ಟೇ. ಬೀಳಿಸ್ತೀಯಾ ಅಂತ ಭಯ.” ಕಣ್ಣಿಗೆ ಹಿಡಿದು ಕಿಟಕಿಯಾಚೆ ನೋಡಿದಳು. ಲೆನ್ಸಿನ ಉಂಗುರ ತಿರುಗಿಸಿದಳು. ಬಾವಿಯ ರಾಟೆ ನಡುವೆ ಎರಡು ತುಂಡಾಗಿ ಕಂಡಿತಂತೆ, ಇನ್ನಷ್ಟು ತಿರುಗಿಸಿದರೆ ಎರಡೂ ಕೂಡಿಕೊಂಡು ಒಂದಾಯಿತಂತೆ. “ಅಯ್ಯೋ, ಶಾಲಿನಿ, ನೋಡು ಬಾ, ಸೇರ್ಕೊಳ್ತು!” ಎಂದು ಕೂಗಿದಳು. ಮೂವತ್ತಾರು ವರ್ಷದ ಹೆಂಗಸು.

ಫಿಲ್ಮ್ ರೋಲು ತಂದುಕೊಟ್ಟವಳು ನಾನು. ಅಪ್ಪ ಚೀಲದಲ್ಲಿದ್ದ ಹಳೆಯ ಫಿಲ್ಮ್ ಪೆಟ್ಟಿಗೆಯ ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದ ಸಂಖ್ಯೆಗಳೇ ಅವಳ ಪಾಠ: ಬಿಸಿಲಿಗೆ ಇಷ್ಟು, ಮೋಡಕ್ಕೆ ಇಷ್ಟು, ನೆರಳಿಗೆ ಇಷ್ಟು. ಕಿಟಕಿಯಿಂದ ಕಂಡದ್ದನ್ನೆಲ್ಲ ಹೊಡೆದಳು. ಪಕ್ಕದ ಮನೆಯ ಹೆಂಗಸರು ಪಂಪಿನ ಮುಂದೆ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡ ಸಾಲಿಟ್ಟು ಜಗಳವಾಡುವುದು, ಗೋಡೆಯ ಮೇಲಿನ ಬೆಕ್ಕು, ಒಣಹಾಕಿದ ಸೀರೆ. ತಿಂಗಳಿಗೆ ಮೂರು ದಿನ, ದಿನಕ್ಕೆ ಮೂರು ಚಿತ್ರ. ನಾಲ್ಕು ತಿಂಗಳಲ್ಲಿ ಮೂವತ್ತಾರು ಮುಗಿಯಿತು. ನಾನು ಸ್ಟುಡಿಯೋಗೆ ಕೊಟ್ಟೆ. ಮಾರನೆಯ ದಿನ ಅಂಗಡಿಯವನು ಖಾಲಿ ಪಟ್ಟಿಯನ್ನು ಬೆಳಕಿಗೆ ಹಿಡಿದು ತೋರಿಸಿದ. “ಫಿಲ್ಮೇ ಓಡಲೆ ಮೇಡಂ,” ಎಂದ, ಓಡಿಯೇ ಇಲ್ಲವಂತೆ. ರೋಲಿನ ತುದಿ ಒಳಗಿನ ಹಲ್ಲಿಗೆ ಸಿಕ್ಕಿಯೇ ಇರಲಿಲ್ಲ. ನಾಲ್ಕು ತಿಂಗಳು ಅವಳು ಬರೀ ಗುಂಡಿ ಒತ್ತಿದ್ದಳು.

ಅವಳು ಅತ್ತಳು. ನಾನೂ ಅತ್ತುಬಿಟ್ಟೆ, ಯಾಕೋ ಗೊತ್ತಿಲ್ಲ. ಆಮೇಲೆ ಇಬ್ಬರೂ ಕೂತು ಆ ಹಾಳಾದ ರೋಲನ್ನೇ ಇಪ್ಪತ್ತು ಸಲ ಹಾಕಿ ತೆಗೆದು ಕಲಿತೆವು. ಹಲ್ಲಿಗೆ ಸಿಕ್ಕಿದರೆ ಫಿಲ್ಮ್ ಮುಂದಕ್ಕೆ ಸರಿಸುವಾಗ ಮೇಲಿನ ಎಡಗಡೆಯ ಗುಬಟು ತಾನಾಗಿ ತಿರುಗುತ್ತದೆ; ತಿರುಗದಿದ್ದರೆ ಒಳಗೆ ಏನೂ ನಡೆದಿಲ್ಲ ಎಂದರ್ಥ. ಇದನ್ನು ಹೇಳಿಕೊಡಲು ಜಗತ್ತಿನಲ್ಲಿ ಯಾರಾದರೂ ಒಬ್ಬರು ಇದ್ದಿದ್ದರೆ ಅರ್ಧ ನಿಮಿಷದ ಕೆಲಸ.

ಎರಡನೆಯ ರೋಲಿನಲ್ಲಿ ಚಿತ್ರ ಬಂತು, ಎಲ್ಲವೂ ಅಲುಗಾಡಿದ್ದವು. ಮೂರನೆಯದರಲ್ಲಿ ಏಳು ಚೆನ್ನಾಗಿದ್ದವು. ಕಷ್ಟ ಏನೆಂದರೆ, ಮೂರು ದಿನ ಕಲಿತದ್ದು ಇಪ್ಪತ್ತೇಳು ದಿನದ ಸಾರು ಹುಳಿಯಲ್ಲಿ ಕೊಚ್ಚಿಹೋಗುತ್ತಿತ್ತು. ಮತ್ತೆ ಕ್ಯಾಮೆರಾ ಹಿಡಿದಾಗ ಕೈ ಹೊಸದಾಗಿ ತಡವರಿಸುತ್ತಿತ್ತು. “ಒಳಗೆ ಇರೋವಾಗಲೂ ತೆಗಿ. ಚೀಲ ಬಿಸಾಕಿ ಬಟ್ಟೇಲಿ ಸುತ್ತಿಡು,” ಎಂದೆ. ಅವಳು ಗಂಡನನ್ನು ಕೇಳಿದಳು. ಪಂಢರಿನಾಥ ಕೆಟ್ಟವನಲ್ಲ, ಪೇಪರಿನಿಂದ ತಲೆ ಎತ್ತದೆ, “ತಾರಾಳಮಾ ಕಲಿ, ಧಾರಾಳವಾಗಿ. ಯಾರು ಬೇಡ ಅಂದ್ರು?” ಎಂದ. ಯಾರೂ ಬೇಡ ಅಂದಿರಲಿಲ್ಲ, ನಿಜ. ಮೂರು ಗಂಟೆಯ ಕಾಫಿ ಯಾರು ಮಾಡುತ್ತಾರೆ ಅನ್ನುವುದನ್ನೂ ಯಾರೂ ಹೇಳಿರಲಿಲ್ಲ.

ಹೀಗಿರುವಾಗ ಅವಳು ಆ ಸುಳ್ಳು ಶುರುಮಾಡಿದಳು. ಮೂರು ದಿನವನ್ನು ಐದು ಮಾಡಿದಳು, “ಇನ್ನೂ ನಿಂತಿಲ್ಲ ಅತ್ತೆ,” ಎಂದು. ಆಮೇಲೆ ಹದಿನೈದು ದಿನಕ್ಕೇ ಇನ್ನೊಂದು ಸಲ ಚಾಪೆ ತೆಗೆದುಕೊಂಡು ಹೋಗಿ ಕೂತಳು. ಹೊರಗೆ ಕೂತವಳನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ, ಹತ್ತಿರವೂ ಸುಳಿಯುವುದಿಲ್ಲ. ಹನ್ನೊಂದಕ್ಕೆ ಊಟ ಇಟ್ಟರೆ ಮೂರರ ಕಾಫಿಯವರೆಗೆ ಆ ಕಡೆ ಯಾರ ನೆರಳೂ ಇಲ್ಲ. ಹಿತ್ತಿಲ ಬಾಗಿಲು ತೆರೆದರೆ ಓಣಿ, ಓಣಿ ದಾಟಿದರೆ ಸಮುದ್ರದ ದಂಡೆ. ಮೊದಲ ಸಲ ಅವಳು ಕ್ಯಾಮೆರಾವನ್ನು ತರಕಾರಿ ಚೀಲದಲ್ಲಿಟ್ಟುಕೊಂಡು ಮರೀನಾದವರೆಗೆ ಹೋಗಿ ಬಂದ ದಿನ ಕಾಲು ತುಂಬ ಮರಳಿತ್ತು. ಬಾವಿಯ ಹತ್ತಿರ ಕೂತು ತೊಳೆದುಕೊಂಡಳು. ಅಷ್ಟು ಖುಷಿಯಾಗಿ ಅವಳನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಎರಡು ವರ್ಷ ಹೀಗೇ ನಡೆಯಿತು. ಕೈ ಪಳಗಿತು. ನನ್ನ ಚಿತ್ರವೊಂದನ್ನು ಮಹಡಿ ಮೆಟ್ಟಿಲ ಮೇಲೆ ತೆಗೆದಳು. ನಾನು ಅಷ್ಟೇನೂ ಸುರೂಪಿಯಲ್ಲ, ಆದರೂ ಅದನ್ನು ಬ್ಯಾಂಕಿನ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡೆ. ಅದನ್ನು ನೋಡಿ ನಮ್ಮ ಗಿರಾಕಿಯೊಬ್ಬರು, ಸೌಕಾರ್‌ಪೇಟೆಯ ಮಾರವಾಡಿ ಮನೆಯ ಹಿರಿಯ ಸೊಸೆ, ಯಾರು ತೆಗೆದದ್ದು ಎಂದು ಕೇಳಿದರು. ಅವರ ನಾದಿನಿಯ ಸೀಮಂತ. ಬರೀ ಹೆಂಗಸರ ಸಮಾರಂಭ, ಹಾಡು, ಕುಣಿತ. ಗಂಡು ಫೋಟೋಗ್ರಾಫರ್ ಬಂದರೆ ಎಲ್ಲರೂ ಸೆರಗೆಳೆದುಕೊಂಡು ಮೂಲೆ ಸೇರುತ್ತಾರೆ. “ನಿಮ್ಮ ಗೆಳತಿ ಚೆನ್ನಾಗಿ ತೆಗೆದರೆ ನಮ್ಮ ಬೀದಿಯ ಎಲ್ಲ ಮನೆಯವರೂ ಅವರನ್ನೇ ಕರೀತಾರೆ,” ಎಂದರು. ಎರಡು ಸಾವಿರದ ಎರಡು, ಆಗಸ್ಟ್ ಇಪ್ಪತ್ತೊಂದು, ಬುಧವಾರ, ಮಧ್ಯಾಹ್ನ ಹನ್ನೆರಡಕ್ಕೆ. ಜಯಾ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಗುರುತು ಹಾಕಲಿಲ್ಲ. ಅತ್ತೆ ನೋಡಿಯಾರು ಎಂದು.

ಅತ್ತೆ ನೋಡುತ್ತಿದ್ದದ್ದು ಬೇರೆಯದನ್ನು. ಜುಲೈ ಕೊನೆಯಲ್ಲಿ ಒಂದು ಸಂಜೆ ಅಂಬುಜಮ್ಮ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ನಮ್ಮ ಬಾಗಿಲಿಗೆ ಬಂದರು. ಯಾವತ್ತೂ ಬಂದವರಲ್ಲ.

“ಶಾಲಿನಿ, ನಿನಗೆ ಯಾರಾದ್ರೂ ಲೇಡಿ ಡಾಕ್ಟರ್ ಗೊತ್ತಾ? ಜಯಾಗೆ ತಿಂಗಳಲ್ಲಿ ಅರ್ಧಕ್ಕರ್ಧ ದಿನ ರಕ್ತ ಹೋಗ್ತಿದೆಯಮ್ಮಾ. ಅವಳು ಬಾಯಿ ಬಿಡಲ್ಲ. ನಮ್ಮಕ್ಕ ಹೀಗೇ ಪೋಯ್ಟಾಳು, ಹೋಗೇಬಿಟ್ಟಳು. ನನಗೆ ನಿದ್ದೆ ಬರ್ತಿಲ್ಲ.”

ಆ ದಿನಗಳಲ್ಲೆಲ್ಲ ಒಲೆಯ ಮುಂದೆ ನಿಲ್ಲುತ್ತಿದ್ದದ್ದು ಆ ಮುದುಕಿ, ಆ ಮೊಣಕಾಲು ಇಟ್ಟುಕೊಂಡು. ನಾವಿಬ್ಬರೂ ಅದನ್ನು ಯೋಚಿಸಿಯೇ ಇರಲಿಲ್ಲ. ಸೊಸೆ ಉಳಿಯಲಿ ಎಂದು ರಾಯರಿಗೆ ಹರಕೆ ಬೇರೆ ಹೊತ್ತಿದ್ದರು. ಡಾಕ್ಟರ ಹೆಸರು ಹೇಳಿದೆ.

ನರ್ಸಿಂಗ್ ಹೋಮಿಗೆ ಮೂವರೂ ಹೋದೆವು. ದಾರಿಯುದ್ದಕ್ಕೂ ಜಯಾ ನನ್ನ ಮುಖ ನೋಡಲಿಲ್ಲ. ಸ್ಕ್ಯಾನ್ ಆಯಿತು. ಡಾಕ್ಟರಮ್ಮ ಅದನ್ನು ದೀಪಕ್ಕೆ ಹಿಡಿದು, ಗರ್ಭಕೋಶದಲ್ಲಿ ಚಿಕ್ಕದೊಂದು ಗೆಡ್ಡೆಯಿದೆ ಎಂದು ತಮಿಳಿನಲ್ಲಿ ವಿವರಿಸಿದರು. ಗೆಡ್ಡೆ ಅಂಥದ್ದೇನಲ್ಲ; ಆದರೆ ಇಷ್ಟು ರಕ್ತ ಹೋಗುತ್ತಿದೆ ಅಂದಮೇಲೆ, ಮಕ್ಕಳೂ ಇಬ್ಬರಾದ ಮೇಲೆ, ಇಟ್ಟುಕೊಂಡು ಏನು ಮಾಡುವುದು? ತೆಗೆದುಬಿಟ್ಟರೆ ತಿಂಗಳ ರಗಳೆಯೇ ಇಲ್ಲ. ಮುಂದಿನ ವಾರವೇ ಮಾಡಬಹುದು.

ಅಂಬುಜಮ್ಮ ಸೊಸೆಯ ಕೈ ಹಿಡಿದುಕೊಂಡು ಅಳುತ್ತಿದ್ದರು. “ತೆಗೆದುಬಿಡಿ ಡಾಕ್ಟರ್. ಇವಳು ಚೆನ್ನಾಗಿದ್ದರೆ ಸಾಕು.”

ಜಯಾ ನೆಲ ನೋಡುತ್ತ ಕೂತಿದ್ದಳು. ಅವಳು ಏನು ಕೂಡಿ ಕಳೆಯುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಸುಮ್ಮನಿದ್ದರೆ ಸುಳ್ಳು ಉಳಿಯುತ್ತದೆ, ಮೈಯ ಒಂದು ಭಾಗ ಹೋಗುತ್ತದೆ, ಜೊತೆಗೆ ಹೊರಗೆ ಕೂರುವ ದಿನಗಳೂ ಶಾಶ್ವತವಾಗಿ ಹೋಗುತ್ತವೆ. ಹೇಳಿದರೆ ಸುಳ್ಳಿನ ದಿನಗಳು ಮಾತ್ರ ಹೋಗುತ್ತವೆ, ನಿಜದ ಮೂರು ದಿನ ಉಳಿಯುತ್ತದೆ.

“ನನಗೆ ತಿಂಗಳಿಗೆ ಒಂದೇ ಸಲ ಆಗೋದು,” ಎಂದಳು. “ಮೂರೇ ದಿನ.”

“ಮತ್ತೆ ಇನ್ನೊಂದು ಸಲದ್ದು?” ಡಾಕ್ಟರು ಕೇಳಿದರು.

“ಅದು ಸುಳ್ಳು. ಫೋಟೋ ತೆಗೆಯೋಕೆ ಹೋಗಿ ಕೂತ್ಕೊಳ್ತಿದ್ದೆ.”

ಡಾಕ್ಟರಮ್ಮನಿಗೆ ಏನೂ ಅರ್ಥವಾಗಲಿಲ್ಲ. ಅಂಬುಜಮ್ಮನಿಗೆ ಎಲ್ಲ ಅರ್ಥವಾಯಿತು. ಸೊಸೆಯ ಕೈಯನ್ನು ಮೆಲ್ಲಗೆ ಬಿಟ್ಟು, ಸೆರಗಿನಿಂದ ಕಣ್ಣೊರಸಿಕೊಂಡರು. ಆಟೋದಲ್ಲಿ ನನ್ನನ್ನು ಮಾತ್ರ ಕೇಳಿದರು, “ನಿನಗೂ ಗೊತ್ತಿತ್ತಾ?” ಎಂದು. ಗೊತ್ತಿತ್ತು ಎಂದೆ.

ಮನೆಯಲ್ಲಿ ರಂಪವಾಗುತ್ತದೆಂದು ಕಾದೆ. ಆಗಲಿಲ್ಲ. ಮಗನಿಗೂ ಅವರು ಹೇಳಲಿಲ್ಲ. ಆಪರೇಷನ್ ಬೇಕಾಗಿಲ್ಲವಂತೆ ಎಂದಷ್ಟೇ ಹೇಳಿದರು. ಅಷ್ಟರ ಮಟ್ಟಿಗೆ ಮರ್ಯಾದೆ ಕಾಪಾಡಿದರು, ಇಲ್ಲ ಅನ್ನಲಾರೆ. ಜಯಾ ಬೆರಳು ಮಡಚಿ ಲೆಕ್ಕ ಹಾಕಿದ್ದಳು. ಅವಳ ನಿಜವಾದ ದಿನ ಆಗಸ್ಟ್ ಇಪ್ಪತ್ತೊಂದಕ್ಕೇ ಬರಬೇಕು. ಹೊರಗಾದವಳು ಶುಭಕಾರ್ಯದ ಮನೆಗೆ ಹೋಗುವುದೆಂದರೆ ಅವಳಿಗೂ ಅಳುಕೇ. “ಯಾರನ್ನೂ ಮುಟ್ಟಲ್ಲ, ತಟ್ಟೆಗಿಟ್ಟೆ ಹಿಡಿಯಲ್ಲ, ದೂರ ನಿಂತು ತೆಗೆದು ಬಂದ್ಬಿಡ್ತೀನಿ,” ಎಂದು ನನಗಿಂತ ಹೆಚ್ಚಾಗಿ ತನಗೇ ಹೇಳಿಕೊಂಡಳು. ನಾನು ಎರಡು ಹೊಸ ರೋಲು ತಂದುಕೊಟ್ಟೆ.

ಇಪ್ಪತ್ತೊಂದರ ಬೆಳಿಗ್ಗೆಯೇ ಮುಟ್ಟಾದಳು. ಒಂದು ದಿನವೂ ಆಚೀಚೆಯಿಲ್ಲ. ಅವಳು ಚಾಪೆ ಸುತ್ತಿಕೊಂಡು ಹಿತ್ತಿಲಿಗೆ ಇಳಿದಳು. ಕೋಣೆಯ ಬಾಗಿಲ ಮುಂದೆ ಅಂಬುಜಮ್ಮ ಮಣೆ ಹಾಕಿಕೊಂಡು ಕೂತಿದ್ದರು. ನಾನು ಮೇಲಿನ ಮೆಟ್ಟಿಲಲ್ಲಿ ತಲೆ ಬಾಚಿಕೊಳ್ಳುತ್ತಿದ್ದೆ, ಎಲ್ಲ ಕೇಳಿಸಿತು.

“ಎಲ್ಲಿಗೆ ಹೋಗ್ತಿ?”

“ಈ ಸಲ ನಿಜ ಅತ್ತೆ.”

“ನಿಜವೋ ಸುಳ್ಳೋ, ನಾನು ಕೇಳಲ್ಲ. ಇನ್ಮೇಲೆ ನಮ್ಮನೇಲಿ ಹೊರಗೆ ಕೂರೋದು ಬೇಡ. ತಲೆಗೆ ನೀರು ಹಾಕ್ಕೊಂಡು ಒಳಗೆ ಬಾ. ದೇವರ ನೈವೇದ್ಯ ಹೇಗೋ ನಾನು ನೋಡ್ಕೊಳ್ತೀನಿ. ಮಿಕ್ಕ ಅಡಿಗೆ ನಿಂದು.”

“ಮಡಿ ಕೆಡುತ್ತಲ್ಲಾ ಅತ್ತೆ...”

“ಐವತ್ತು ವರ್ಷ ನಡೆಸಿದ್ದೆ. ಬಿಟ್ಟೆ. ರಾಯರು ನನ್ನ ಕೇಳಿದ್ರೆ ನಾನೇ ಹೇಳ್ಕೊಳ್ತೀನಿ.” ಅವರು ಅಷ್ಟು ದೊಡ್ಡದನ್ನು ಬಿಟ್ಟದ್ದು ಸೊಸೆಯನ್ನು ಒಳಗೆ ತರಲಿಕ್ಕೆ. ಕನಿಕರ, ಕೋಪ ಎರಡೂ ಅದರಲ್ಲಿತ್ತು. ಯಾವುದು ಎಷ್ಟು ಎಂದು ಇವತ್ತಿಗೂ ನನಗೆ ಹೇಳಲಾಗದು.

“ಇವತ್ತು ಒಂದು ದಿನ ಬಿಡಿ ಅತ್ತೆ. ನನಗೊಂದು ಕೆಲಸ ಇದೆ, ಸೌಕಾರ್‌ಪೇಟೇಲಿ.”

“ಹೋಗು. ಯಾರು ಬೇಡ ಅಂದ್ರು? ಅಡಿಗೆ ಮಾಡಿ, ಊಟಕ್ಕೆ ಬಡಿಸಿ ಹೋಗು.”

ಪಂಢರಿನಾಥನಿಗೆ ಆವತ್ತು ರಜೆ. ಅವನ ಆಫೀಸಿನ ನಾಲ್ವರು ಊಟಕ್ಕೆ ಬರುವವರಿದ್ದರು. ಬಡಿಸಿ ಮುಗಿಯುವಾಗ ಎರಡೂವರೆ. ಬ್ಯಾಂಕಿಗೆ ರಜೆ ಹಾಕಿ, ಹನ್ನೊಂದಕ್ಕೆ ಆಟೋ ತಂದು ಓಣಿಯಲ್ಲಿ ಹತ್ತು ನಿಮಿಷ ನಿಲ್ಲಿಸಿಕೊಂಡಿದ್ದ ನಾನು ಒಬ್ಬಳೇ ಹೋಗಿ, ಅವಳಿಗೆ ಹುಷಾರಿಲ್ಲ ಎಂದು ಆ ಮನೆಯವರಿಗೆ ಸುಳ್ಳು ಹೇಳಿದೆ. ಅವರು ಬೇಸರ ಮಾಡಿಕೊಂಡರು, ಬೈಯಲಿಲ್ಲ. ಮತ್ತೆಂದೂ ಕೇಳಲೂ ಇಲ್ಲ.

ಸುದ್ದಿ ಬೀದಿಗೆಲ್ಲ ಹರಡಿತು. ಅಷ್ಟು ಮಡಿಯ ಅಂಬುಜಮ್ಮ ಕಾಲಕ್ಕೆ ತಕ್ಕಂತೆ ಬದಲಾದರಲ್ಲ, ಎಂಥ ದೊಡ್ಡ ಮನಸ್ಸು! ಜಯಾಳ ಮಗಳು ಸುಮೇಧಾ ದೊಡ್ಡವಳಾದಾಗ ಒಂದು ದಿನವೂ ಹೊರಗೆ ಕೂರಲಿಲ್ಲ. ಅದು ಒಳ್ಳೆಯದೇ ಆಯಿತು, ಅದನ್ನು ಕೆಟ್ಟದ್ದು ಎಂದರೆ ನನ್ನ ಬಾಯಿಗೆ ಹುಳ ಬೀಳಲಿ. ಆದರೆ ಬಂದವರೆಲ್ಲ ಜಯಾಳ ಮುಂದೆಯೇ, “ಇಂಥ ಅತ್ತೆ ಯಾರಿಗೆ ಸಿಗ್ತಾರೆ?” ಎಂದು ಹೊಗಳಿದಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವಳು ಮಾತ್ರ, “ಹೌದು, ಪುಣ್ಯ ಮಾಡಿದ್ದೆ,” ಎಂದು ಅವರಿಗೆ ಕಾಫಿ ಕೊಡುತ್ತಿದ್ದಳು.

ಅತ್ತೆ ಮಡಿ ಬಿಟ್ಟ ವರ್ಷವೇ ನವರಾತ್ರಿಯಲ್ಲಿ ಅರಿಶಿನ ಕುಂಕುಮಕ್ಕೆ ಬಂದವರು ಇದೇ ಮಾತಾಡಿ ಹೋದ ಮೇಲೆ ನಾನು ತಡೆಯಲಾರದೆ ಹಿತ್ತಿಲಿಗೆ ಹೋದೆ. ಜಯಾ ಬಾವಿಯ ಕಟ್ಟೆಯ ಹತ್ತಿರ ಹುಸ್ಲಿ ಮಾಡಿದ ಪಾತ್ರೆ ತಿಕ್ಕುತ್ತಿದ್ದಳು.

“ಏನಾದ್ರೂ ಮಾತಾಡೇ,” ಎಂದೆ.

ಅವಳು ಬೂದಿಗೈಯಲ್ಲೇ ಹಣೆಯ ಕೂದಲು ಸರಿಸಿಕೊಂಡು ನನ್ನನ್ನು ನೋಡಿದಳು.

“ಆಪರೇಷನ್ ಮಾಡಿಸಿಕೊಂಡಿದ್ದರೂ ಇಷ್ಟೇ ಆಗ್ತಿತ್ತು, ಅಲ್ವೇನೇ?” ಎಂದಳು. “ಹಾಗಾಗಿದ್ದರೆ ಆರು ವಾರ ಮಲಗೋಕಾದ್ರೂ ಬಿಡ್ತಿದ್ರು.”