ಹಲಗೆಯಡಿಯ ಮೂರು ಗೆರೆ

ಗಾಡಿಯನ್ನು ರಿಪೇರಿಗೆ ಬಿಟ್ಟು ನೆಮ್ಮದಿಯಾಗಿ ಮನೆಗೆ ಬರುವ ಪೈಕಿಯವನಲ್ಲ ದುಂಡಪ್ಪ. ಅವನ ಅಪ್ಪ ಒಮ್ಮೆ ಗೋಕಾಕದ ಗ್ಯಾರೇಜಿನಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ ಚಹಾ ಕುಡಿಯಲು ಹೋಗಿದ್ದ. ಬರುವಷ್ಟರಲ್ಲಿ ಹೊಸ ಡೀಸೆಲ್ ಪಂಪು ಹೋಗಿ ಅದರ ಜಾಗದಲ್ಲಿ ಹಳೆಯದು ಕೂತಿತ್ತು. ಅಂದಿನಿಂದ ಆ ಮನೆಯವರು ರಿಪೇರಿಗೆ ಕೊಡುವ ಸಾಮಾನಿನ ಮೇಲೆಲ್ಲ ಮೊಳೆಯಿಂದ ವಿಭೂತಿಯಂತೆ ಮೂರು ಗೆರೆ ಎಳೆದು, ಮೆಕ್ಯಾನಿಕ್ಕಿನ ಬೆನ್ನ ಹಿಂದೆಯೇ ನಿಲ್ಲುವುದನ್ನು ಕಲಿತರು. ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವನು ದುಂಡಪ್ಪ. ಜರ್ಮನಿಯವರು ಗ್ರೀನ್ ಕಾರ್ಡ್ ಕೊಟ್ಟು ಕಂಪ್ಯೂಟರಿನವರನ್ನು ಕರೆದಾಗ ಹೆಂಡತಿ ಜಯಾಳೊಂದಿಗೆ ಅಲ್ಲಿನ ಬೋಬ್ಲಿಂಗೆನ್ ಊರಿಗೆ ಬಂದ. ಮೊಳೆಯ ಬುದ್ಧಿಯೂ ಜೊತೆಗೇ ಬಂತು.

ಅವರು ಬಾಡಿಗೆಗಿದ್ದ ಮನೆಯ ಒಡತಿ ಫ್ರಾವ್ ಐಸೆಲೆ, ಅಂದರೆ ಶ್ರೀಮತಿ ಐಸೆಲೆ. ಗಂಡ ತೀರಿಕೊಂಡ ಮೇಲೆ ಅವನ ಮೂವತ್ತು ವರ್ಷದ ಹಳೆಯ ಕಾರನ್ನು ಅವರು ದುಂಡಪ್ಪನಿಗೆ ಕೊಟ್ಟರು. ಎರಡು ಸೀಟುಗಳ ನಡುವೆ, ಗೇರಿನ ಸುತ್ತ ಇದ್ದ ಹಲಗೆಯನ್ನು ಗಂಡ ಹಿತ್ತಲಿನ ಅಕ್ರೋಟ ಮರದಿಂದ ತಾನೇ ಮಾಡಿ ಕೂರಿಸಿದ್ದ. ಅದನ್ನು ಸವರುತ್ತ ಅವರು ಹೇಳಿದ್ದು ಇಷ್ಟೇ: "ಕಾರು ನಿನ್ನದು. ಆದರೆ ಈ ಹಲಗೆಗೆ ಒಂದು ಗೀರೂ ಬೀಳಬಾರದು." ದುಂಡಪ್ಪ ಮಾತು ಕೊಟ್ಟ.

ಚಳಿಗಾಲ ಮುಗಿಯುವ ಹೊತ್ತಿಗೆ ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೈಕೊಟ್ಟಿತು. ಅಂಥದ್ದು ಇನ್ನೊಂದು ಎಲ್ಲೂ ಸಿಗಲಿಲ್ಲ. ಪಕ್ಕದ ಬೀದಿಯಲ್ಲಿ ಹೇಬರ್ಲೆ ಎಂಬ ನಿವೃತ್ತ ಮೆಕ್ಯಾನಿಕ್ ಇದ್ದ. ಗುಜರಿಗೆ ಬಂದಿದ್ದ ಅದೇ ಜಾತಿಯ ಕಾರಿನಿಂದ ಕೈಯಲ್ಲಿ ಬದಲಾಯಿಸುವ ಗೇರ್‌ಬಾಕ್ಸ್ ತೆಗೆದು, ಕ್ಲಚ್ಚಿನ ಸಮೇತ ಹಾಕಿಕೊಡುವುದಾಗಿ ಹೇಳಿದ. ಅಡಚಣೆ ಇದ್ದದ್ದು ಹಲಗೆಯಲ್ಲಿ. ಆಟೋಮ್ಯಾಟಿಕ್ಕಿನ ಹಿಡಿಕೆ ಹಿಂದೆ ಮುಂದೆ ಜಾರಿದರೆ ಸಾಕು, ಅದಕ್ಕೊಂದು ಸಣ್ಣ ಸೀಳು ಇತ್ತು. ಈ ಗೇರು ಅಡ್ಡಡ್ಡವೂ ಆಡಬೇಕು, ಸುತ್ತ ಚರ್ಮದ ಕವಚ ಕೂರಬೇಕು. ಅಂದರೆ ಗರಗಸ ಹಾಕಲೇಬೇಕು.

"ಹಲಗೆಯ ಚಿಂತೆ ನನಗೆ ಬಿಡು," ಎಂದ ಹೇಬರ್ಲೆ. ಹೇಗೆ ಎಂದು ಕೇಳಿದರೆ, ಅರ್ಧ ಆದ ಕೆಲಸವನ್ನು ಯಾರಿಗೂ ತೋರಿಸುವುದಿಲ್ಲ, ಬೆನ್ನ ಹಿಂದೆ ಜನ ನಿಂತರೆ ಕೈ ನಡುಗುತ್ತದೆ ಎಂದು ಶೆಡ್ಡಿನ ಬಾಗಿಲು ಎಳೆದುಕೊಂಡ.

ದುಂಡಪ್ಪನ ಅನುಮಾನಕ್ಕೆ ಅಷ್ಟು ಸಾಕಾಯಿತು. ಕಾರು ಒಪ್ಪಿಸುವ ಮೊದಲೇ ಅವನು ಸ್ಕ್ರೂ ಬಿಚ್ಚಿ, ಹಲಗೆಯ ಅಡಿಗೆ ಮೊಳೆಯಿಂದ ಮೂರು ಗೆರೆ ಎಳೆದಿಟ್ಟಿದ್ದ. ಆದರೂ ಆಫೀಸಿನಿಂದ ಬರುವಾಗ ದಿನವೂ ಆ ಬೀದಿಯನ್ನೇ ಸುತ್ತುಹಾಕಿ ಬರತೊಡಗಿದ. ಒಂದು ಸಂಜೆ ಹೇಬರ್ಲೆ ಕಂಬಳಿಯಲ್ಲಿ ಸುತ್ತಿದ ಚಪ್ಪಟೆ ಗಂಟೊಂದನ್ನು ಶೆಡ್ಡಿನಿಂದ ಮನೆಯೊಳಗೆ ಒಯ್ಯುವುದು ಕಂಡಿತು. ಮನೆಗೆ ಬಂದು ಊಟಕ್ಕೆ ಕೂತವನು ರೊಟ್ಟಿ ಮುರಿಯುವ ಮೊದಲೇ ಅದನ್ನು ಜಯಾಳಿಗೆ ಹೇಳಿದ.

"ಮುದುಕ ಏನ್ ಹಲಗಿ ತಿಂತಾನೇನ್ರಿ?" ಎಂದಳು ಜಯಾ.

"ತಿನ್ನೂದಿಲ್ಲ. ಮಾರ್ತಾನ."

ಕಾರು ತಯಾರಾದ ದಿನ ಹೋಗಿ ನೋಡಿದರೆ ಎಲ್ಲ ಅಚ್ಚುಕಟ್ಟು. ದುಂಡನೆಯ ತೂತು, ಅದರ ಸುತ್ತ ಚರ್ಮದ ಕವಚ, ಹಲಗೆಯ ಮೇಲೆ ಅದೇ ಹೊಳಪು. ಹೇಬರ್ಲೆ ಕೈ ತೊಳೆಯಲು ಒಳಗೆ ಹೋದದ್ದೇ ತಡ, ದುಂಡಪ್ಪ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ಪ್ರತಿ ಸ್ಕ್ರೂವಿನ ತಲೆಗೂ ಕುಂಕುಮದಂಥ ಕೆಂಪು ಬಣ್ಣದ ಬೊಟ್ಟಿತ್ತು. ಬೊಟ್ಟು ಒಡೆದು ಹಲಗೆ ಎತ್ತಿ ತಿರುವಿ ನೋಡಿದ. ಗೆರೆಗಳಿಲ್ಲ.

ಹೇಬರ್ಲೆ ಟವೆಲ್ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಇದು ನನ್ನ ಹಲಗೆಯಲ್ಲ," ಎಂದ ದುಂಡಪ್ಪ. "ನನ್ನದೆಲ್ಲಿ?"

ಮುದುಕ ಒಳಗೆ ಹೋಗಿ ಕಂಬಳಿಯ ಗಂಟನ್ನು ತಂದು ಬಾನೆಟ್ಟಿನ ಮೇಲೆ ಬಿಚ್ಚಿದ. ಹಳೆಯ ಹಲಗೆ ಇಡಿಯಾಗಿತ್ತು, ಗರಗಸ ತಾಗಿರಲಿಲ್ಲ. ತೀರಿಹೋದ ಐಸೆಲೆ ತನ್ನ ಗೆಳೆಯನಾಗಿದ್ದ, ಅವನ ಕೈಕೆಲಸವನ್ನು ಕೊಯ್ಯಲು ಮನಸ್ಸಾಗಲಿಲ್ಲ, ಅದೇ ಮರದ್ದೊಂದು ತುಂಡು ತನ್ನಲ್ಲಿ ಉಳಿದಿತ್ತು, ಅದರಿಂದ ಹೊಸದು ಮಾಡಿದೆ ಎಂದ. ಆಮೇಲೆ ಒಡೆದ ಬೊಟ್ಟುಗಳ ಮೇಲೆ ಬೆರಳಾಡಿಸಿ ನಕ್ಕ. "ತಾವೇ ಬಿಚ್ಚಿ ಕೆಡಿಸಿ ತಪ್ಪನ್ನು ನನ್ನ ಮೇಲೆ ಹಾಕುವವರಿದ್ದಾರೆ. ಅವರಿಗಾಗಿ ಇದು. ನಿನಗೂ ಹಾಕಿದ್ದೆ."

ದುಂಡಪ್ಪ ಕ್ಷಮೆ ಕೇಳಿದ. ಆದರೂ ಹಳೆಯ ಹಲಗೆಯನ್ನು ಮುದುಕ ತಾನಾಗಿ ಕೊಡುತ್ತಿದ್ದನೋ ಇಲ್ಲವೋ ಎಂಬ ಅನುಮಾನ ದಾರಿಯುದ್ದಕ್ಕೂ ಅವನನ್ನು ಬಿಡಲಿಲ್ಲ.

ಆ ಹಲಗೆಯನ್ನು ಅವನು ನೇರವಾಗಿ ಫ್ರಾವ್ ಐಸೆಲೆಯವರಿಗೆ ಒಯ್ದುಕೊಟ್ಟು, ಹೇಬರ್ಲೆ ಹೊಸದು ಮಾಡಿ ಹಾಕಿದ್ದನ್ನು ಹೇಳಿ, ಒಂದೇ ಒಂದು ಗೀರೂ ಬಿದ್ದಿಲ್ಲ ನೋಡಿ ಎಂದ. ಅವರ ಕಣ್ಣು ತುಂಬಿಬಂತು. ಹಲಗೆಯ ಮೈ ಸವರಿ ಸವರಿ, ಕೊನೆಗೆ ತಿರುವಿ ಹಿಡಿದರು. ಬೆರಳು ಒಂದು ಕಡೆ ನಿಂತಿತು.

"ಇದನ್ನು ಯಾರು ಗೀರಿದ್ದು?"

ಹೇಬರ್ಲೆಯ ಹೆಸರು ದುಂಡಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡ. "ನಾನು. ಹಲಗೆ ಬದಲಾದರೆ ಗುರುತು ಸಿಗಲಿ ಅಂತ."

"ಹೇಬರ್ಲೆ ಕದಿಯುತ್ತಾನೆ ಅಂತಲೇ?"

ಅವರು ಹಲಗೆಯನ್ನು ಎದೆಗೆ ಅವಚಿಕೊಂಡು, ಬಾಗಿಲನ್ನು ಸದ್ದಾಗದಂತೆ ಮುಚ್ಚಿದರು.

ಬಾಡಿಗೆ ಏರಿಸುವ ಮಾತು ಎತ್ತಲಿಲ್ಲ, ಮನೆ ಬಿಡು ಎನ್ನಲೂ ಇಲ್ಲ. ಆದರೆ ಆ ಕಟ್ಟಡದಲ್ಲಿ ಮೆಟ್ಟಿಲು ಗುಡಿಸುವ ಸರದಿ ವಾರಕ್ಕೊಬ್ಬರದು. ದುಂಡಪ್ಪನ ವಾರ ಬಂದಾಗ, ಅವನು ಗುಡಿಸಿ ಒರೆಸಿ ಮೇಲೆ ಬರುತ್ತಿದ್ದಂತೆ, ಹಿಂದೆ ಎಂದೂ ಪರೀಕ್ಷಿಸಲು ಬಾರದ ಫ್ರಾವ್ ಐಸೆಲೆ ಬಂದು ಮೆಟ್ಟಿಲ ಪಕ್ಕದ ಕಂಬಿಯ ಅಡಿಗೆ ಬೆರಳು ಎಳೆದು, ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು.

ಜಯಾ ಬಾಗಿಲ ಸಂದಿಯಿಂದ ನೋಡಿ ಮೆಲ್ಲಗೆ ಹೇಳಿದಳು: "ಈಗ ನಿಮ್ಮ ಬೆನ್ನ ಹಿಂದ ನಿಂತಾರ ನೋಡ್ರಿ."