ಡಾಕ್ಟರು ಹೇಳದಿದ್ದ ಮಾತು

ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದಿದ ಕೈ ನನ್ನದು. ಇದನ್ನು ಬರೆಯಲು ಕುಳಿತಾಗಲೂ ಅದೇ ಕೈ ಒಂದು ವಾಕ್ಯ ಬರೆದು ಎರಡನ್ನು ಹೊಡೆದುಹಾಕುತ್ತಿದೆ. ಹೀಗೆ ಹೊಡೆದುಹಾಕುವ ಭರದಲ್ಲಿ ಹೇಳಲೇಬೇಕಾದುದು ಎಲ್ಲಿಯಾದರೂ ಬಿಟ್ಟುಹೋಗಿದ್ದರೆ, ಅಥವಾ ನನ್ನ ತಪ್ಪನ್ನು ನಾನೇ ಸಣ್ಣದು ಮಾಡಿ ಹೇಳಿದಂತೆ ಕಂಡರೆ, ಓದುವವರು ಕ್ಷಮಿಸಬೇಕು. ವೈದ್ಯಶಾಸ್ತ್ರ ನನಗೆ ತಿಳಿಯದು. ತಿಳಿದಿದೆ ಎಂದುಕೊಂಡದ್ದರಿಂದಲೇ ಇಷ್ಟೆಲ್ಲ ಆಯಿತು.

ನಮ್ಮದು ಗದಗಿಗೆ ಹೊಂದಿಕೊಂಡ ಬೆಟಗೇರಿಯ ನೇಕಾರರ ಮನೆ. ಪಡಸಾಲೆಯಲ್ಲಿ ಒಂದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ನೇಯುವಂಥದು. ಅಪ್ಪ ಸೀರೆ ನೇಯುತ್ತಿದ್ದ. ಅವ್ವ ಪಕ್ಕದಲ್ಲಿ ರಾಟಿ ಇಟ್ಟುಕೊಂಡು, ಲಾಳಿಗೆ ಹಾಕುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ಲಾಳಿಯ ಸದ್ದು ನಿಂತಿತೆಂದರೆ ಎಳೆ ಹರಿದಿದೆ, ಇಲ್ಲವೇ ಯಾರೋ ಬಂದಿದ್ದಾರೆ ಎಂದು ಒಳಗಿದ್ದವರಿಗೆ ತಿಳಿಯುತ್ತಿತ್ತು. ನಾನು ಒಬ್ಬಳೇ ಮಗಳು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿ ಬಿ.ಎ. ಮುಗಿಸಿದವಳು ನಾನೊಬ್ಬಳೇ. ಎಪ್ಪತ್ತರ ದಶಕದ ಕೊನೆಯಲ್ಲಿ ಲಕ್ಷ್ಮೇಶ್ವರದ ಶಾಲೆಯೊಂದರಲ್ಲಿ ಶಿಕ್ಷಕಿಯಾದೆ. ಅಲ್ಲಿಯೇ ಒಂದು ಕೋಣೆ ಹಿಡಿದಿದ್ದೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಗದಗಿನ ಬಸ್ಸು ಹತ್ತುತ್ತಿದ್ದೆ.

ಓಣಿಯವರು ಇಂಗ್ಲಿಷ್ ಕಾಗದ ಬಂದರೆ ನಾನು ಬರುವವರೆಗೆ ತೆಗೆದಿಟ್ಟಿರುತ್ತಿದ್ದರು. ಓದುವಾಗ ತಿಳಿಯದ ಶಬ್ದ ಬಂದರೆ, ತಿಳಿಯದು ಎಂದು ನಾನು ಒಮ್ಮೆಯೂ ಹೇಳಿದವಳಲ್ಲ. ಅದನ್ನು ದಾಟಿ ಮುಂದೆ ಓದುತ್ತಿದ್ದೆ.

ಅಪ್ಪನಿಗೆ ಮೊದಲ ಸಲ ಹಾಗಾದಾಗ ಬೇಸಿಗೆಯ ರಜೆ, ನಾನು ಮನೆಯಲ್ಲಿದ್ದೆ. ಲಾಳಿ ನಿಂತಿತು. ಅಪ್ಪ ಎರಡೂ ಕೈ ನೆಲಕ್ಕೂರಿ ಕುಣಿಯಿಂದ ಮೈ ಎಳೆದುಕೊಂಡು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತ. ಬನಿಯನ್ ಬೆವರಿನಿಂದ ತೊಯ್ದುಹೋಗಿತ್ತು.

"ಎದಿ ಒಡದು ಹೋಗಾಕತ್ತೈತಿ. ಉಸಿರು ಸಿಗವಲ್ದು. ನಾ ಇನ್ನ ಉಳಿಯಂಗಿಲ್ಲ" ಎಂದ.

ಪಕ್ಕದ ಮನೆಯ ಚಿಗವ್ವ ಓಡಿಬಂದಳು. "ಏನಾಗಿಲ್ಲ ತಗೀರಿ ಭಾವಾ, ಅವಸರಲೇ ಮೂರು ರೊಟ್ಟಿ ಹೊಡದೀರಿ, ವಾಯು ಆಗೇತಿ. ಬಿಸಿನೀರಾಗ ಅಜವಾನ ಕುಡಿಸ್ರಿ" ಎಂದಳು.

ಅರ್ಧ ತಾಸಿನಲ್ಲಿ ಅದು ತಾನಾಗಿಯೇ ಇಳಿಯಿತು. ಎರಡು ದಿನ ಬಿಟ್ಟು ಮತ್ತೆ ಬಂತು. ಆಮೇಲೆ ಅದು ಬಂದಾಗಿನ ಸಂಕಟಕ್ಕಿಂತ, ಯಾವಾಗ ಬರುವುದೋ ಎಂಬ ಅಂಜಿಕೆಯೇ ಅಪ್ಪನನ್ನು ತಿನ್ನತೊಡಗಿತು. ಅವ್ವ ಹತ್ತಿರ ಇಲ್ಲದಿದ್ದರೆ ಕುಣಿಗೆ ಇಳಿಯುತ್ತಿರಲಿಲ್ಲ. ಮುಂಡರಗಿಯ ನೆಂಟರ ಮದುವೆಗೆಂದು ಹೊರಟವನು ಡಂಬಳದಲ್ಲಿಯೇ ಬಸ್ಸು ಇಳಿದು ಬೇವಿನ ಮರದ ಕೆಳಗೆ ಕುಳಿತುಬಿಟ್ಟ. ಎಷ್ಟು ಹೇಳಿದರೂ ಮುಂದಿನ ಬಸ್ಸು ಹತ್ತಲಿಲ್ಲ.

ಕೊನೆಗೆ ಗದಗಿನ ಡಾಕ್ಟರರ ಬಳಿ ಕರೆದೊಯ್ದೆವು. ಅವರು ಎದೆಗೆ ತಂತಿ ಹಚ್ಚಿ, ಹೊರಬಂದ ಕಾಗದದ ಪಟ್ಟಿಯನ್ನು ಬಹಳ ಹೊತ್ತು ನೋಡಿದರು.

"ಯಜಮಾನ್ರ, ನಿಮ್ಮ ಗುಂಡಿಗಿ ನನ್ನ ಗುಂಡಿಗಿಗಿಂತ ಗಟ್ಟಿ ಐತಿ. ಇದು ಅಂಜಿಕಿ ಬ್ಯಾನಿ. ಅಂಜುಬುರುಕ ಅಂದಂಗಲ್ಲ ಮತ್ತ. ಬೆಂಕಿ ಬೀಳದಿದ್ರೂ ಮೈ ಸುಮ್ನ ಬೆಂಕಿ ಗಂಟಿ ಬಾರಸ್ತೈತಿ, ಅಷ್ಟ" ಎಂದರು.

ಡಯಾಜೆಪಾಮ್ ಎಂಬ ಗುಳಿಗೆ ಬರೆದು ಚೀಟಿಯನ್ನು ನನ್ನ ಕೈಗೆ ಕೊಟ್ಟರು. "ಇದು ಮೂರು ವಾರಕ್ಕ ಅಷ್ಟ. ಇದರ ಮ್ಯಾಲ ಸೆರೆ ಕುಡಿಯಂಗಿಲ್ಲ. ಛಲೋ ನಿದ್ದಿ ಬರತೈತಿ ಅಂತ ಬಾಜೂ ಮನಿಯವರಿಗೆ ಹಂಚಂಗಿಲ್ಲ. ಮೂರು ವಾರಕ್ಕ ಬರ್ರಿ, ಹೆಂಗ ಕಡಿಮಿ ಮಾಡೋದು ನಾ ಹೇಳ್ತೀನಿ."

ಆಮೇಲೆ ನನ್ನ ಕಡೆ ತಿರುಗಿ, ನಾನು ಪದವೀಧರೆ ಎಂದು ಅವ್ವ ಹೇಳಿದ್ದರಿಂದಲೋ ಏನೋ, ಅಪ್ಪನ ನಿದ್ದೆ ಮತ್ತು ಊಟದ ಬಗ್ಗೆ ಇಂಗ್ಲಿಷಿನಲ್ಲಿ ಕೇಳಿದರು. ಪ್ರಶ್ನೆ ನನಗೆ ಅರ್ಥವಾಗಿತ್ತು. ಇಂಗ್ಲಿಷಿನಲ್ಲಿ ಉತ್ತರ ಹೇಳಲು ಬರಲಿಲ್ಲ. ಅವ್ವ ಹೆಮ್ಮೆಯಿಂದ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಡಾಕ್ಟರು ನಕ್ಕು, "ಇರಲಿ ತಂಗಿ, ಕನ್ನಡದಾಗ ಹೇಳು" ಎಂದರು. ಅವರು ಪ್ರೀತಿಯಿಂದಲೇ ಹೇಳಿದ್ದರು. ಆದರೆ ನಾನು ಆ ಕೋಣೆಗೆ ಇನ್ನು ಕಾಲಿಡಬಾರದು ಎಂದು ಅಲ್ಲಿಯೇ ನಿಶ್ಚಯಿಸಿಕೊಂಡೆ.

ಮೂರು ವಾರ ಕಳೆಯಿತು. ಗುಳಿಗೆಯಿಂದ ಅಪ್ಪನಿಗೆ ಗುಣ ಕಂಡಿತ್ತು. ದವಾಖಾನೆಯ ಗದ್ದಲದಲ್ಲಿ ಕುಳಿತರೆ ಮತ್ತೆ ಎದೆ ಬಡಿದುಕೊಳ್ಳುತ್ತದೆಂದು ಅವನು ಹಿಂಜರಿದಾಗ, "ನೀ ಬರೋದು ಬ್ಯಾಡ, ನಾನ ಹೋಗಿ ಕೇಳ್ಕೊಂಡ ಬರ್ತೀನಿ" ಎಂದೆ. ಹೋದದ್ದು ಔಷಧದ ಅಂಗಡಿಗೆ. ಹಳೆಯ ಚೀಟಿ ತೋರಿಸಿದೆ. ಅಂಗಡಿಯವನು ಏನೂ ಕೇಳದೆ ಕೊಟ್ಟ.

"ಡಾಕ್ಟರ್ ಏನಂದ್ರವಾ?" ಎಂದು ಅವ್ವ ಕೇಳಿದಳು.

"ಹಿಂಗ ಮುಂದುವರಸ್ರಿ ಅಂದ್ರು."

ಒಮ್ಮೆ ಹೇಳಿದ ಮೇಲೆ ಎರಡನೆಯ ಸಲ ಕಷ್ಟವಾಗಲಿಲ್ಲ. ಒಂದು ವರ್ಷಕ್ಕೂ ಮೇಲ್ಪಟ್ಟು ಹೀಗೆ ನಡೆಯಿತು. ಪ್ರತಿ ಸಲವೂ ಅದೇ ಮಾತು ಹೇಳಿದರೆ ಅವ್ವನಿಗೆ ಸಂಶಯ ಬಂದೀತೆಂದು, ಡಾಕ್ಟರರ ಬಾಯಲ್ಲಿ ಹೊಸ ಹೊಸ ಮಾತು ಇಡುತ್ತಿದ್ದೆ. ಒಂದು ಸಲ, ಉಪ್ಪು ಬಿಡಬೇಕಂತೆ ಎಂದೆ. ಅವ್ವ ಅಂದಿನಿಂದಲೇ ಅಪ್ಪನ ಪಲ್ಯ ಬೇರೆ ಮಾಡತೊಡಗಿದಳು.

"ಆ ಡಾಕ್ಟರಗ ನನ್ನ ಉಪ್ಪಿನ ಮ್ಯಾಲ ಯಾಕ ಕಣ್ಣು?" ಎಂದು ಅಪ್ಪ ಗೊಣಗುತ್ತಲೇ ತಿನ್ನುತ್ತಿದ್ದ.

"ಕಲತವರು ಹೇಳ್ಯಾರ, ಸುಮ್ನ ಉಣ್ರಿ" ಎನ್ನುತ್ತಿದ್ದಳು ಅವ್ವ.

ಅಷ್ಟರಲ್ಲಿ ಬೇರೆ ಬದಲಾವಣೆಗಳೂ ಆಗುತ್ತಿದ್ದವು. ಮಧ್ಯಾಹ್ನ ಮಗ್ಗದ ಮೇಲೆ ಅಪ್ಪನಿಗೆ ತೂಕಡಿಕೆ. ಅಡ್ಡ ಎಳೆಯನ್ನು ಬಡಿದು ಕೂಡಿಸುವ ಏಟು ಸರಿಯಾಗಿ ಬಿದ್ದಿದೆಯೋ ಎಂದು ನೇಯ್ದ ಬಟ್ಟೆಯನ್ನು ಮುಂಗೈ ಮೇಲೆ ಎಳೆದು ನೋಡಿ ಅವ್ವ, "ಏಟು ಸಡಿಲ ಬೀಳಾಕತ್ತಾವು" ಎಂದಳು. ಮೊದಲಿನ ಗುಳಿಗೆ ಸಾಲದೆ, ಅಪ್ಪ ಇನ್ನೊಂದು ಕೇಳತೊಡಗಿದ. ನಾನು ಇನ್ನಷ್ಟು ಕೊಂಡುತಂದೆ. ಡಾಕ್ಟರು ಹೇಳಿದ್ದಾರೆಂದೇ ಕೊಟ್ಟೆ.

ಒಂದು ಶನಿವಾರ ಗದಗಿನ ವಾಚನಾಲಯದಲ್ಲಿ ಆರೋಗ್ಯದ ಬಗೆಗಿನ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತು. ಆ ಗುಳಿಗೆಯ ಹೆಸರು ಹುಡುಕಿದೆ. ಬಹಳ ದಿನ ತೆಗೆದುಕೊಂಡರೆ ಶರೀರ ಅದಕ್ಕೆ ಒಗ್ಗಿಹೋಗುತ್ತದೆ, ಬಿಡುವುದು ಕಷ್ಟವಾಗುತ್ತದೆ ಎಂದು ಪುಟದ ಕೊನೆಯಲ್ಲಿತ್ತು. ಪುಟ ತಿರುಗಿಸದೆ ಪುಸ್ತಕ ಮುಚ್ಚಿದೆ. ನನ್ನ ಅಪ್ಪನನ್ನು ನಾನೇ ಚಟಕ್ಕೆ ಬೀಳಿಸಿದ್ದೇನೆ, ಇದು ಇಂದೇ ನಿಲ್ಲಬೇಕು ಎಂದುಕೊಂಡೆ. ಅಂದು ಅಂಗಡಿಗೆ ಹೋಗಲಿಲ್ಲ.

"ಗುಳಿಗಿ ತಂದೇನವಾ?" ಎಂದು ಅಪ್ಪ ಕೇಳಿದ.

"ಇನ್ನ ಬ್ಯಾಡಂತ. ಡಾಕ್ಟರ್ ಸಾಕು ಅಂದಾರ."

"ಸಾಕು ಅಂದ್ರ? ಪೂರಾ ಆರಾಮ ಆತು ಅಂದಂಗ?"

"ಹೂಂ."

ಅಪ್ಪನ ಮುಖ ಅರಳಿತು. ಮರುದಿನ ಅವ್ವ ಗೋಧಿ ಹುಗ್ಗಿ ಮಾಡಿದಳು. ಚಿಗವ್ವನ ಮನೆಗೂ ಒಂದು ಬಟ್ಟಲು ಹೋಯಿತು. ನಾನು ಎರಡು ಸಲ ಬಡಿಸಿಕೊಂಡು ಉಂಡು, ಲಕ್ಷ್ಮೇಶ್ವರಕ್ಕೆ ಹೋದೆ.

ಆ ವಾರದ ಸಂಗತಿಯನ್ನು ಅವ್ವ ಹೇಳಿದಂತೆಯೇ ಬರೆಯುತ್ತೇನೆ. ಮೂರನೆಯ ದಿನದಿಂದ ಅಪ್ಪನಿಗೆ ನಿದ್ದೆ ಇಲ್ಲವಾಯಿತು. ಕೈ ನಡುಗಿ, ಹರಿದ ಎಳೆಯನ್ನು ಕೂಡಿಸಲು ಬಾರದಾಯಿತು. ಹುಟ್ಟಿದಾಗಿನಿಂದ ಕೇಳಿದ ಲಾಳಿಯ ಸದ್ದೇ ಸಹಿಸದೆ, ಎದುರುಮನೆಯ ಮಗ್ಗ ನಿಲ್ಲಿಸಲು ಹೇಳಿ ಕಳಿಸಿದ. ಡಾಕ್ಟರರ ಬಳಿ ಹೋಗೋಣವೆಂದು ಅವ್ವ ಅಂದರೆ, "ಆರಾಮ ಆಗೇತಿ ಅಂತ ಅವರ ಹೇಳ್ಯಾರ. ಮತ್ತ ಹೋದ್ರ ನಗತಾರ" ಎಂದನಂತೆ.

ಶನಿವಾರ ನಾನು ಬಂದಾಗ ಅಪ್ಪ ಗೋಡೆಗೆ ಒರಗಿ ಕುಳಿತಿದ್ದ. ನನ್ನನ್ನು ಕಂಡು ಎದ್ದೇಳಲು ಹೋಗಿ ಮತ್ತೆ ಕುಳಿತ. ಆಗಲಾದರೂ ನಾನು ಹೇಳಬಹುದಿತ್ತು. ಎರಡು ದಿನದಲ್ಲಿ ಸರಿಹೋಗುತ್ತದೆ ಎಂದೆ.

ಭಾನುವಾರ ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ಬಟ್ಟಲು ಕೈಯಿಂದ ಜಾರಿತು. ಅಪ್ಪನ ಮೈಯೆಲ್ಲ ಸೆಟೆದು, ಅದುರಿ, ಕಣ್ಣು ಮೇಲಾದವು. ಮಗ್ಗದ ಕುಣಿಗೆ ಒಂದು ಗೇಣು ಅಂತರದಲ್ಲಿ ಬಿದ್ದ. ಅವ್ವ ಅವನನ್ನು ತಬ್ಬಿ ಈಚೆಗೆ ಎಳೆದುಕೊಂಡಳು. ಅದುರುವುದು ನಿಂತ ಮೇಲೆ ಚಿಗವ್ವ ಟಾಂಗಾ ಕರೆಸಿದಳು.

ಡಾಕ್ಟರು ಮೊದಲು ಅಪ್ಪನಿಗೆ ಸೂಜಿ ಚುಚ್ಚಿ ಮಲಗಿಸಿದರು. ಆಮೇಲೆ ಕೇಳಿದರು: "ಒಂದ ಸಲ ಬಂದು ಹೋದವರು ಈಗ ಬಂದೀರಿ. ಗುಳಿಗಿ ಎಷ್ಟ ದಿನ ತಗೊಂಡಾರ? ಯಾರು ನಿಲ್ಲಿಸಿದ್ರು?"

ಅವ್ವ ಬೆರಗಾದಳು. "ನೀವ ನಿಲ್ಲಿಸೀರಲ್ರಿ ಸಾಹೇಬ್ರ. ನೀವು ಹೇಳಿದ್ದು ಒಂದೂ ತಪ್ಪಿಸಿಲ್ರಿ. ವರ್ಷಾತು, ಉಪ್ಪು ಸುದ್ದಾ ಬಿಟ್ಟಾರ."

"ಉಪ್ಪು? ಯಾವ ಉಪ್ಪು?"

ಇಬ್ಬರೂ ನನ್ನ ಕಡೆ ನೋಡಿದರು. ಅಂದು ಬಾರದಿದ್ದ ಮಾತು ಈ ಸಲ ಬಂತು. "ಅದೆಲ್ಲಾ ನಾನ ಹೇಳಿದ್ದು. ನಾ ನಿಮ್ಮ ಕಡೆ ಬಂದ ಇಲ್ಲ" ಎಂದೆ.

ಅವ್ವ, "ಉಪ್ಪೂ ನೀನ ಹೇಳಿದ್ದೇನ?" ಎಂದಳು. ಅದಕ್ಕಿಂತ ಕಠಿಣವಾದ ಮಾತನ್ನು ನಾನು ಇಂದಿನವರೆಗೂ ಕೇಳಿಲ್ಲ.

ಡಾಕ್ಟರು ದನಿ ಏರಿಸಲಿಲ್ಲ. "ಇಷ್ಟು ದಿನ ದಿನಾ ತಗೊಂಡ ಗುಳಿಗಿ ಒಮ್ಮೆಲೇ ನಿಲ್ಲಿಸಿದ್ರ ಹಿಂಗ ಆಗತೈತಿ. ಜೀವಾನೂ ಹೋಗಬಹುದು. ಇನ್ನ ಮ್ಯಾಲ ಇವರನ್ನ ಚಟಗಾರ ಅಂತ ಯಾರೂ ಅನಬ್ಯಾಡ್ರಿ, ಇವರದೇನೂ ತಪ್ಪಿಲ್ಲ. ಗುಳಿಗಿ ಮತ್ತ ಚಾಲೂ ಮಾಡೂಣು. ಆಮ್ಯಾಲ ಚೂರು ಚೂರು ಇಳಿಸೂಣು. ಅವಸರ ಬ್ಯಾಡ" ಎಂದರು.

ಅಪ್ಪ ಅಲ್ಲಿಯೇ ನಾಲ್ಕು ದಿನ ಇದ್ದ. ಎರಡನೆಯ ದಿನ ವಾಚನಾಲಯಕ್ಕೆ ಹೋಗಿ ಅದೇ ಪುಸ್ತಕ ತೆಗೆಸಿದೆ. ನಾನು ತಿರುಗಿಸದಿದ್ದ ಪುಟದ ಮೊದಲ ಸಾಲಿನಲ್ಲಿಯೇ ಇತ್ತು: ಎಂದಿಗೂ ಒಮ್ಮೆಲೇ ನಿಲ್ಲಿಸಬಾರದು, ವೈದ್ಯರ ಸಲಹೆಯಂತೆ ಹಂತಹಂತವಾಗಿ ಕಡಿಮೆ ಮಾಡಬೇಕು.

ಅವ್ವನಿಂದ ಎಲ್ಲ ತಿಳಿದುಕೊಂಡಿದ್ದ ಅಪ್ಪ ಮನೆಗೆ ಮರಳುವಾಗ ಟಾಂಗಾದಲ್ಲಿ, "ಹಂಗಾರ ಇವತ್ತ ಪಲ್ಯಾಕ್ಕ ಉಪ್ಪು ಹಾಕಸ್ತೀಯಲಾ?" ಎಂದ. ನಾನು ಅತ್ತುಬಿಟ್ಟೆ. ಸ್ವಲ್ಪ ದೂರ ಹೋದ ಮೇಲೆ, "ನನಗ ಓದಾಕ ಬರಂಗಿಲ್ಲ. ಅದಕ್ಕ ನಾ ಯಾರ ಮುಂದೂ ನಾಚಿಲ್ಲ. ಇಷ್ಟು ಕಲತು ನೀ ಯಾಕ ನಾಚಿದಿ?" ಎಂದು ಕೇಳಿದ.

ಗುಳಿಗೆ ಪೂರ್ತಿ ಬಿಡಲು ಹತ್ತು ತಿಂಗಳು ಹಿಡಿಯಿತು. ಡಾಕ್ಟರು ಹೇಳಿದಂತೆ, ಎಳೆ ಕತ್ತರಿಸುವ ಬ್ಲೇಡಿನಿಂದ ಅಪ್ಪನೇ ಗುಳಿಗೆಯನ್ನು ಅರ್ಧ, ಕಾಲು ಮಾಡಿಕೊಳ್ಳುತ್ತಿದ್ದ. ಒಂದೆರಡು ಸಲ ಸಂಕಟ ಹೆಚ್ಚಾಗಿ, ಇಳಿಸುವುದನ್ನು ಕೆಲವು ವಾರ ತಡೆದರು. ಅಂಜಿಕೆ ಬಂದಾಗ ಉಸಿರನ್ನು ಉದ್ದವಾಗಿ, ನಿಧಾನವಾಗಿ ಹೊರಗೆ ಬಿಡುವುದನ್ನು ಡಾಕ್ಟರು ಕಲಿಸಿದ್ದರು. ಅಪ್ಪ ಹೊಸ್ತಿಲ ಮೇಲೆ ಕುಳಿತು ಹಾಗೆ ಮಾಡುತ್ತ, "ಬಂದೈತಿ. ಹೋಗತೈತಿ ತಗೀ" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಪ್ರತಿ ಸಲವೂ ದವಾಖಾನೆಗೆ ಜೊತೆಗೆ ಹೋದವಳು ಅವ್ವ. ನನಗೆ ಕೇಳಲಾಗದ ಪ್ರಶ್ನೆಗಳನ್ನೆಲ್ಲ ಅವಳು ನೇರವಾಗಿ ಕೇಳಿ ಬರುತ್ತಿದ್ದಳು.

ಅನಂತರ ನಮ್ಮ ಮನೆಯಲ್ಲಿ ಇಷ್ಟು ಬದಲಾಯಿತು. ಅಂಜಿಕೆ ಆಗೊಮ್ಮೆ ಈಗೊಮ್ಮೆ ಬಂದರೂ ಅಪ್ಪನಿಗೆ ಗುಳಿಗೆ ಬೇಕಾಗಲಿಲ್ಲ. ಆದರೆ ಕುಣಿಯ ಅಂಚಿನಲ್ಲಿ ಬಿದ್ದ ಆ ದಿನದ ಮೇಲೆ ಅವನು ಮತ್ತೆ ಅದಕ್ಕೆ ಇಳಿಯಲಿಲ್ಲ. ಅಷ್ಟು ವರ್ಷ ಪಕ್ಕದಲ್ಲಿ ಕುಳಿತು ನೋಡಿದ್ದ ಅವ್ವ ಮಗ್ಗಕ್ಕೆ ಕುಳಿತಳು. ಅಪ್ಪ ರಾಟಿ ಹಿಡಿದು ಅವಳಿಗೆ ಕಂಡಿಕೆ ಸುತ್ತಿಕೊಟ್ಟ. "ಏನ್ರಿ ಭಾವಾ, ರಾಟಿಗೆ ಬಂದ್ರಲಾ" ಎಂದು ಚಿಗವ್ವ ಕೆಣಕಿದರೆ, "ಆಕಿ ಏಟು ನನಗಿಂತ ಗಟ್ಟಿ ಬೀಳ್ತಾವು, ಬೇಕಾರ ಬಂದು ನೋಡು" ಎನ್ನುತ್ತಿದ್ದ. ದವಾಖಾನೆಯ ಚೀಟಿ ಅವ್ವನ ಎಲೆಯಡಿಕೆಯ ಸಂಚಿಯೊಳಗೆ ಇರತೊಡಗಿತು. ಓಣಿಯವರು ಮುಂದೆಯೂ ಇಂಗ್ಲಿಷ್ ಕಾಗದಗಳನ್ನು ನನ್ನ ಬಳಿ ತರುತ್ತಿದ್ದರು. ಅವ್ವ ಮಾತ್ರ, ನಾನು ಓದಿ ಹೇಳಿದ ಮೇಲೆ, ಅದೇ ಕಾಗದವನ್ನು ಇನ್ನೊಬ್ಬರಿಂದಲೂ ಓದಿಸುತ್ತಿದ್ದಳು.